ಬಾಗಿಲು ಚಿಕ್ಕದು, ಕಸ ದೊಡ್ಡದು: ಮೆಡಿಟರೇನಿಯನ್ ಸಮುದ್ರದ ಪ್ಲಾಸ್ಟಿಕ್ ಕಥೆ

ಮಧ್ಯಾವಧಿ ಪರೀಕ್ಷೆ ಮುಗಿದ ಮರುವಾರ ನಮ್ಮ ಎನ್ನೆಸ್ಸೆಸ್ ಘಟಕದವರೆಲ್ಲ ಸೇರಿ ಕಡಲ ಕಿನಾರೆಯ ಸ್ವಚ್ಛತೆಗೆ ಹೋಗಿದ್ದೆವು. ಎರಡು ಗಂಟೆಯಲ್ಲಿ ಹದಿನಾಲ್ಕು ಗೋಣಿಚೀಲ ತುಂಬಿತು. ನೀರಿನ ಬಾಟಲಿ, ಮುಚ್ಚಳ, ಹವಾಯಿ ಚಪ್ಪಲಿ, ತೊಟ್ಟೆ, ಥರ್ಮೋಕೋಲ್ ತುಂಡು, ಹರಿದ ಬಲೆ, ಹಗ್ಗ ಹೀಗೆ ಏನೇನೋ ಸಿಕ್ಕಿತು. ಕೊನೆಯ ಗೋಣಿಯ ಬಾಯಿ ಕಟ್ಟುತ್ತಿರುವಾಗ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು ಕೇಳಿದಳು: “ಅಕ್ಕಾ, ಇಷ್ಟು ದೊಡ್ಡ ಸಮುದ್ರಕ್ಕೆ ಇಷ್ಟು ಕಸ ಲೆಕ್ಕಕ್ಕುಂಟಾ? ನಾವು ಇವತ್ತು ಹೆಕ್ಕಿದರೂ ನಾಳೆ ಮತ್ತೆ ಬರ್ತದೆ. ಮತ್ತೆ ಹೆಕ್ಕುವುದು ಯಾಕೆ?”

ನನಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. “ಸರ್ ಹೇಳಿದ್ದಾರಲ್ಲ, ಹೆಕ್ಕು” ಎಂದು ನಕ್ಕು ಸುಮ್ಮನಾದೆ. ಆದರೆ ಅವಳ ಪ್ರಶ್ನೆ ಮನೆಯವರೆಗೂ ನನ್ನ ಜೊತೆ ಬಂತು. ಅದರಲ್ಲಿ ಎರಡು ಪ್ರಶ್ನೆಗಳಿವೆ. ಸಮುದ್ರ ದೊಡ್ಡದಾದ್ದರಿಂದ ಅದು ಕಸವನ್ನು ಜೀರ್ಣಿಸಿಕೊಳ್ಳುತ್ತದೆಯೇ? ಕಿನಾರೆಯಲ್ಲಿ ಕಸ ಹೆಕ್ಕುವುದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ?

ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ನಮ್ಮ ಅರಬ್ಬೀ ಸಮುದ್ರದ ಕಥೆಯಲ್ಲ, ದೂರದ ಮೆಡಿಟರೇನಿಯನ್ ಸಮುದ್ರದ ಕಥೆ. ಪ್ಲಾಸ್ಟಿಕ್ ವಿಷಯದಲ್ಲಿ ವಿಜ್ಞಾನಿಗಳು ಬಹಳ ಹೆಚ್ಚು ಅಧ್ಯಯನ ಮಾಡಿದ ಸಮುದ್ರಗಳಲ್ಲಿ ಅದೂ ಒಂದು. ಅದಕ್ಕೆ ಕಾರಣ ಆ ಸಮುದ್ರದ ಆಕಾರವೇ.

ಅರೆಮುಚ್ಚಿದ ಸಮುದ್ರ ಎಂದರೇನು?

ಭೂಪಟವನ್ನು ತೆರೆದು ನೋಡಿ. ನಮ್ಮ ಅರಬ್ಬೀ ಸಮುದ್ರ ದಕ್ಷಿಣಕ್ಕೆ ಪೂರ್ತಿ ತೆರೆದುಕೊಂಡು ಹಿಂದೂ ಮಹಾಸಾಗರದೊಂದಿಗೆ ಬೆರೆತುಹೋಗಿದೆ. ಮೆಡಿಟರೇನಿಯನ್ ಹಾಗಲ್ಲ. ಉತ್ತರಕ್ಕೆ ಯುರೋಪ್, ದಕ್ಷಿಣಕ್ಕೆ ಆಫ್ರಿಕ, ಪೂರ್ವಕ್ಕೆ ಏಷ್ಯ. ಮೂರು ಖಂಡಗಳು ಸೇರಿ ಅದರ ಸುತ್ತ ಗೋಡೆ ಕಟ್ಟಿದ ಹಾಗಿದೆ. ಇಂಥ ಸಮುದ್ರಗಳನ್ನು ಅರೆಮುಚ್ಚಿದ ಸಮುದ್ರಗಳು ಎನ್ನುತ್ತಾರೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಲ್ಲಿ ಇವುಗಳಿಗೆ ಪ್ರತ್ಯೇಕ ವ್ಯಾಖ್ಯೆಯೇ ಇದೆ: ಎರಡು ಅಥವಾ ಹೆಚ್ಚು ದೇಶಗಳು ಸುತ್ತುವರಿದಿರುವ, ಕಿರಿದಾದ ದಾರಿಯೊಂದರಿಂದ ಮಾತ್ರ ಮತ್ತೊಂದು ಸಮುದ್ರಕ್ಕೆ ಸೇರುವ ಜಲಭಾಗ. ಬಾಲ್ಟಿಕ್, ಕಪ್ಪು ಸಮುದ್ರ, ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿ ಇವೆಲ್ಲ ಇದೇ ಜಾತಿಗೆ ಸೇರಿದವು.

ಮೆಡಿಟರೇನಿಯನ್ ಎಂಬ ಲ್ಯಾಟಿನ್ ಮೂಲದ ಹೆಸರಿಗೆ “ಭೂಮಿಯ ನಡುವಿನದು” ಎಂದು ಅರ್ಥ. ಅರಬ್ಬಿಯಲ್ಲಿ ಅದಕ್ಕೆ ಅಲ್ ಬಹ್ರುಲ್ ಅಬ್ಯಳ್ ಅಲ್ ಮುತವಸ್ಸಿತ್ ಎನ್ನುತ್ತಾರೆ, ಅಂದರೆ ನಡುವಿನ ಬಿಳಿ ಸಮುದ್ರ. ಅರಬ್ಬಿಯನ್ನು ಭಾಷಾ ವಿಷಯವಾಗಿ ತೆಗೆದುಕೊಂಡವರಿಗೆ ಈ ಹೆಸರು ಬಿಡಿಸಿ ಹೇಳಬೇಕಾಗಿಲ್ಲ.

ಅದರ ವಿಸ್ತೀರ್ಣ ಸುಮಾರು 25 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂಥ ಹದಿಮೂರು ರಾಜ್ಯಗಳನ್ನು ಅದರೊಳಗೆ ಇಡಬಹುದು. ಸರಾಸರಿ ಆಳ ಸುಮಾರು 1,500 ಮೀಟರ್. ಕೇಳಲು ದೊಡ್ಡದೇ. ಆದರೆ ಭೂಮಿಯ ಒಟ್ಟು ಸಾಗರ ವಿಸ್ತೀರ್ಣದಲ್ಲಿ ಇದರ ಪಾಲು ಶೇಕಡ ಒಂದಕ್ಕಿಂತಲೂ ಕಡಿಮೆ. ಈ ಸಮುದ್ರಕ್ಕೆ ಮಹಾಸಾಗರದ ಕಡೆಗೆ ಇರುವ ಸಹಜ ಬಾಗಿಲು ಒಂದೇ, ಪಶ್ಚಿಮದ ಜಿಬ್ರಾಲ್ಟರ್ ಜಲಸಂಧಿ. ಪೂರ್ವದ ಡಾರ್ಡನೆಲ್ಸ್ ಮತ್ತು ಬಾಸ್ಫರಸ್ ದಾರಿಗಳು ಕಪ್ಪು ಸಮುದ್ರವೆಂಬ ಇನ್ನೊಂದು ಮುಚ್ಚಿದ ಕೋಣೆಗೆ ಹೋಗುತ್ತವೆ. ಸೂಯೆಜ್ ಕಾಲುವೆ ಮನುಷ್ಯರು ತೋಡಿದ್ದು, ತೆರೆದದ್ದು 1869ರಲ್ಲಿ.

ಜಿಬ್ರಾಲ್ಟರ್ ಎಂಬ ಹೆಸರು ಜಬಲ್ ತಾರಿಕ್, ಅಂದರೆ ತಾರಿಕನ ಬೆಟ್ಟ, ಎಂಬುದರಿಂದ ಬಂದದ್ದು. 711ರಲ್ಲಿ ಅಲ್ಲಿಗೆ ದಾಟಿ ಬಂದ ಸೇನಾಪತಿ ತಾರಿಕ್ ಬಿನ್ ಝಿಯಾದ್ ಅವರ ನೆನಪು ಅದು. ಇದೇ ಜಲಸಂಧಿಯ ದಕ್ಷಿಣ ದಡದ ತಾಂಜಾ ಊರಿನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ ಮುಂದೆ ನಮ್ಮ ಹೊನ್ನಾವರಕ್ಕೂ ಮಂಗಳೂರಿಗೂ ಬಂದು ಇಲ್ಲಿನ ಜನಜೀವನದ ಬಗ್ಗೆ ಬರೆದಿಟ್ಟರು. ಆ ಬಾಗಿಲಿನ ಅತಿ ಕಿರಿದಾದ ಜಾಗದ ಅಗಲ ಸುಮಾರು 14 ಕಿಲೋಮೀಟರ್ ಮಾತ್ರ. ಕೆಳಗೆ ಹೊಸ್ತಿಲಿನ ಹಾಗೆ ಒಂದು ಏರು ಇದೆ. ಅಲ್ಲಿ ಆಳ ಸುಮಾರು 300 ಮೀಟರ್ ಅಷ್ಟೆ. ಕಥೆಯ ಕೀಲಿಕೈ ಇರುವುದು ಈ ಹೊಸ್ತಿಲಿನಲ್ಲೇ.

ಒಂದು ಬಾಗಿಲು, ಎರಡು ಹರಿವು

ಮೆಡಿಟರೇನಿಯನ್ ಪ್ರದೇಶದಲ್ಲಿ ಬಿಸಿಲು ಜಾಸ್ತಿ, ಮಳೆ ಕಡಿಮೆ. ಅಲ್ಲಿ ಮಳೆ ಮತ್ತು ನದಿಗಳಿಂದ ಬರುವ ನೀರಿಗಿಂತ ಆವಿಯಾಗಿ ಹೋಗುವ ನೀರು ಹೆಚ್ಚು. ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಆ ಸಮುದ್ರದ ನೀರು ಅಟ್ಲಾಂಟಿಕ್ ಸಾಗರದ ನೀರಿಗಿಂತ ಹೆಚ್ಚು ಉಪ್ಪು, ಹೆಚ್ಚು ಸಾಂದ್ರ. ಒಂದು ಕಿಲೋ ಅಟ್ಲಾಂಟಿಕ್ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪಿದ್ದರೆ, ಮೆಡಿಟರೇನಿಯನ್ನಿನ ಆಳದ ನೀರಿನಲ್ಲಿ 38 ಗ್ರಾಮಿಗೂ ಹೆಚ್ಚು ಇರುತ್ತದೆ.

ವ್ಯತ್ಯಾಸ ಎರಡೇ ಗ್ರಾಂ. ಆದರೆ ಅದರ ಪರಿಣಾಮ ದೊಡ್ಡದು. ಕಡಿಮೆಯಾದ ನೀರನ್ನು ತುಂಬಿಸಲು ಅಟ್ಲಾಂಟಿಕ್‌ನ ಹಗುರ ನೀರು ಜಿಬ್ರಾಲ್ಟರಿನ ಮೇಲ್ಭಾಗದಲ್ಲಿ ಒಳಗೆ ಹರಿಯುತ್ತದೆ. ಉಪ್ಪು ಹೆಚ್ಚಾದ ಭಾರದ ನೀರು ಅದರ ಕೆಳಗಿನಿಂದ, ಹೊಸ್ತಿಲು ದಾಟಿ, ಅಟ್ಲಾಂಟಿಕ್‌ಗೆ ಇಳಿದುಹೋಗುತ್ತದೆ. ಒಂದೇ ಬಾಗಿಲಿನಲ್ಲಿ ಮೇಲಿನ ಅಂತಸ್ತಿನವರು ಒಳಗೆ ಬರುತ್ತಿದ್ದಾರೆ, ಕೆಳಗಿನ ಅಂತಸ್ತಿನವರು ಹೊರಗೆ ಹೋಗುತ್ತಿದ್ದಾರೆ ಎಂದು ಕಲ್ಪಿಸಿಕೊಳ್ಳಿ.

ಇಂಥ ಎರಡು ಪದರದ ಹರಿವನ್ನು ಪ್ರಯೋಗದ ಮೂಲಕ ಮೊದಲು ತೋರಿಸಿಕೊಟ್ಟದ್ದು ಇಟಲಿಯ ಲುಯಿಜಿ ಫರ್ಡಿನಾಂಡೊ ಮಾರ್ಸಿಲಿ. 1679ರಲ್ಲಿ ಇಸ್ತಾಂಬುಲಿಗೆ ಹೋದಾಗ ಬಾಸ್ಫರಸ್‌ನಲ್ಲಿ ಮೇಲಿನ ನೀರು ಒಂದು ದಿಕ್ಕಿಗೆ, ಕೆಳಗಿನ ನೀರು ಅದರ ವಿರುದ್ಧ ದಿಕ್ಕಿಗೆ ಹರಿಯುತ್ತದೆ ಎಂದು ಅಲ್ಲಿನ ಮೀನುಗಾರರಿಂದ ಅವರಿಗೆ ತಿಳಿಯಿತು. ನಡುವೆ ಅಡ್ಡಹಲಗೆ ಇರುವ ತೊಟ್ಟಿಯೊಂದರ ಒಂದು ಬದಿಗೆ ಹೆಚ್ಚು ಉಪ್ಪಿನ ನೀರು, ಇನ್ನೊಂದು ಬದಿಗೆ ಕಡಿಮೆ ಉಪ್ಪಿನ ನೀರು ತುಂಬಿಸಿ, ಹಲಗೆಯ ಮೇಲೊಂದು ಕೆಳಗೊಂದು ತೂತು ತೆರೆದರು. ಕೆಳಗಿನ ತೂತಿನಿಂದ ಭಾರದ ನೀರು ಒಂದು ಕಡೆಗೆ, ಮೇಲಿನ ತೂತಿನಿಂದ ಹಗುರ ನೀರು ಇನ್ನೊಂದು ಕಡೆಗೆ ಹರಿಯಿತು. ನಮ್ಮ ಪ್ರಯೋಗಾಲಯದಲ್ಲಿ ಒಂದಿಷ್ಟು ಬಣ್ಣ ಮತ್ತು ಉಪ್ಪು ಸಿಕ್ಕಿದರೆ ನಾವೂ ಇದನ್ನು ಮಾಡಿ ನೋಡಬಹುದು.

ಈಗ ಈ ಬಾಗಿಲಿಗೆ ಒಂದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ತಂದು ನಿಲ್ಲಿಸಿ. ಅದು ತೇಲುತ್ತದೆ. ಅಟ್ಲಾಂಟಿಕ್‌ನಲ್ಲಿದ್ದರೆ ಮೇಲಿನ ಹರಿವು ಅದನ್ನು ಒಳಗೆ ಎಳೆದು ತರುತ್ತದೆ. ಒಳಗೇ ಇದ್ದರೆ ಹೊರಗೆ ಹೋಗಲು ಅದಕ್ಕೆ ದಾರಿ ಇಲ್ಲ ಎಂದೇ ಹೇಳಬೇಕು. ಹೊರಗೆ ಹೋಗುವ ನೀರು ಕೆಳಗಿದೆ, ಮುಚ್ಚಳ ಮೇಲಿದೆ. ಇಡೀ ಮೆಡಿಟರೇನಿಯನ್ನಿನ ನೀರು ಒಮ್ಮೆ ಬದಲಾಗಲು 80ರಿಂದ 100 ವರ್ಷ ಬೇಕು ಎಂದು ಅಂದಾಜು. ಅಷ್ಟು ವರ್ಷಗಳ ನಂತರ ನೀರೇನೋ ಹೊಸದಾಗುತ್ತದೆ. ತೇಲುವ ಕಸ ಮಾತ್ರ ಒಳಗೇ ಉಳಿಯುತ್ತದೆ.

ಕಸ ಬರುವುದು ಎಲ್ಲಿಂದ?

ಈ ಸಮುದ್ರದ ಸುತ್ತ ಇಪ್ಪತ್ತಕ್ಕೂ ಹೆಚ್ಚು ದೇಶಗಳಿವೆ. ಕರಾವಳಿಯಲ್ಲೇ ಸುಮಾರು 15 ಕೋಟಿ ಜನ ಬದುಕುತ್ತಿದ್ದಾರೆ. ನೈಲ್, ಪೊ, ರೋನ್, ಎಬ್ರೊ ಮುಂತಾದ ನದಿಗಳು ಒಳನಾಡಿನ ಊರುಗಳ ಕಸವನ್ನೂ ಹೊತ್ತು ತರುತ್ತವೆ. ಇವಲ್ಲದೆ ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ಸಣ್ಣ ತೊರೆಗಳು ಬಹಳ ಇವೆ. ಜನ ಅವುಗಳಲ್ಲಿ ಕಸ ಸುರಿಯುತ್ತಾರೆ. ಶರತ್ಕಾಲದಲ್ಲಿ ಒಮ್ಮೆಲೇ ಜೋರು ಮಳೆ ಬಂದಾಗ ತಿಂಗಳುಗಟ್ಟಲೆಯ ಕಸ ಒಂದೇ ರಾತ್ರಿಯಲ್ಲಿ ಸಮುದ್ರ ಸೇರುತ್ತದೆ. ಮೊದಲ ಮಳೆಗೆ ನಮ್ಮ ತೋಡುಗಳಲ್ಲಿ ಏನು ತೇಲಿ ಬರುತ್ತದೆ ಎಂದು ನೋಡಿದವರಿಗೆ ಇದು ಹೊಸತಲ್ಲ.

ಪ್ರವಾಸಿಗರು ಇನ್ನೊಂದು ಕಾರಣ. ಜಗತ್ತಿನ ಪ್ರವಾಸಿಗರಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಮೆಡಿಟರೇನಿಯನ್ ದೇಶಗಳಿಗೆ ಹೋಗುತ್ತಾರೆ. ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿನ ಸಮುದ್ರದ ಕಸ ಶೇಕಡ 40ರಷ್ಟು ಹೆಚ್ಚುತ್ತದೆ ಎಂದು ವಿಶ್ವ ವನ್ಯಜೀವಿ ನಿಧಿ 2018ರ ವರದಿಯಲ್ಲಿ ಹೇಳಿದೆ. ಕೃಷಿಯ ಪಾಲೂ ಇದೆ. ಸ್ಪೇನಿನ ಅಲ್ಮೇರಿಯಾದಲ್ಲಿ ಸುಮಾರು 30,000 ಹೆಕ್ಟೇರ್ ಭೂಮಿ ಪ್ಲಾಸ್ಟಿಕ್ ಹಾಳೆಯ ಹಸಿರುಮನೆಗಳಿಂದ ಮುಚ್ಚಿಹೋಗಿದೆ. ಹರಿದ ಹಾಳೆಗಳು ಗಾಳಿಗೆ ಹಾರಿ ಪಕ್ಕದ ಸಮುದ್ರಕ್ಕೆ ಬೀಳುತ್ತವೆ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ವರ್ಷಕ್ಕೆ ಸುಮಾರು 2,29,000 ಟನ್ ಪ್ಲಾಸ್ಟಿಕ್ ಈ ಸಮುದ್ರಕ್ಕೆ ಸೋರಿಹೋಗುತ್ತದೆ. ಅಂದರೆ ಪ್ರತಿದಿನ 500ಕ್ಕೂ ಹೆಚ್ಚು ಹಡಗಿನ ಕಂಟೇನರುಗಳಷ್ಟು ಕಸ. ಇದರಲ್ಲಿ ಹೆಚ್ಚಿನ ಪಾಲು ಈಜಿಪ್ಟ್, ಇಟಲಿ ಮತ್ತು ಟರ್ಕಿಯದು. ಬಡ ದೇಶ, ಶ್ರೀಮಂತ ದೇಶ ಎಂಬ ಭೇದ ಇಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಒಟ್ಟು ಸೋರಿಕೆಯ ಶೇಕಡ 94 ಭಾಗ ಸರಿಯಾಗಿ ವಿಲೇವಾರಿ ಆಗದ ದೊಡ್ಡ ವಸ್ತುಗಳಿಂದ ಬರುತ್ತದೆ. ಉಳಿದದ್ದು ನೇರವಾಗಿ ಸಣ್ಣ ಕಣಗಳ ರೂಪದಲ್ಲೇ ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಹನಗಳ ಟಯರು ಸವೆದು ಬರುವ ಧೂಳು. ಆಮೇಲಿನ ಸ್ಥಾನ ಪಾಲಿಯೆಸ್ಟರ್‌ನಂಥ ಬಟ್ಟೆ ಒಗೆದಾಗ ಬಿಡುವ ನೂಲಿನ ಎಳೆಗಳದ್ದು.

ಲೆಕ್ಕದಲ್ಲಿ ಒಂದು ಒಗಟು

ಈಗ ಇನ್ನೊಂದು ಲೆಕ್ಕ ನೋಡೋಣ. ಸ್ಪೇನಿನ ವಿಜ್ಞಾನಿ ಆಂದ್ರೆಸ್ ಕೋಸಾರ್ ಮತ್ತು ಸಂಗಡಿಗರು ಈ ಸಮುದ್ರದ ಮೇಲ್ಮೈಯಲ್ಲಿ ಬಲೆ ಎಳೆದು ತೇಲುವ ಪ್ಲಾಸ್ಟಿಕ್ ಹಿಡಿದರು. ಬಲೆ ಎಳೆದ ಎಲ್ಲ ಕಡೆಯೂ ಪ್ಲಾಸ್ಟಿಕ್ ಸಿಕ್ಕಿತು, ಒಂದು ಜಾಗವೂ ಖಾಲಿ ಇರಲಿಲ್ಲ. ಸರಾಸರಿ ನಾಲ್ಕು ಚದರ ಮೀಟರಿಗೆ ಒಂದು ಚೂರು. ಶಾಂತ ಸಾಗರ ಮುಂತಾದ ಕಡೆ ಪ್ಲಾಸ್ಟಿಕ್ ಒಟ್ಟುಗೂಡುವ ದೊಡ್ಡ ಸುಳಿಗಳಲ್ಲಿ ಎಷ್ಟು ಸಿಗುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಇಲ್ಲೂ ಸಿಕ್ಕಿತು. ಆದರೆ 2015ರಲ್ಲಿ ಪ್ರಕಟವಾದ ಅವರ ಅಂದಾಜಿನ ಪ್ರಕಾರ ಇಡೀ ಮೆಡಿಟರೇನಿಯನ್ನಿನ ಮೇಲ್ಮೈಯಲ್ಲಿ ತೇಲುತ್ತಿರುವ ಪ್ಲಾಸ್ಟಿಕ್ಕಿನ ಒಟ್ಟು ತೂಕ 1,000ದಿಂದ 3,000 ಟನ್ ಮಾತ್ರ.

ಪ್ರತಿವರ್ಷ ಲಕ್ಷಗಟ್ಟಲೆ ಟನ್ ಒಳಗೆ ಹೋಗುತ್ತಿದ್ದರೆ ತೇಲುತ್ತಿರುವುದು ಇಷ್ಟೇ ಯಾಕೆ? ಉಳಿದದ್ದು ಎಲ್ಲಿ?

ಮೊದಲನೆಯದಾಗಿ, ಈ ಎರಡು ಲೆಕ್ಕಗಳು ಒಂದೇ ವಸ್ತುವಿನ ಲೆಕ್ಕಗಳಲ್ಲ. ಒಂದನ್ನು ನೆಲದ ಮೇಲಿನ ಕಸದಿಂದ ಶುರುಮಾಡಿ ಕಟ್ಟಿದ್ದಾರೆ. ಇನ್ನೊಂದನ್ನು ನೀರಿನ ಮೇಲೆ ಬಲೆಗೆ ಸಿಕ್ಕಿದ್ದರಿಂದ ಕಟ್ಟಿದ್ದಾರೆ. ಹೀಗಾಗಿ ಅಂಕಿಗಳು ಒಂದಕ್ಕೊಂದು ಬಹಳ ದೂರ ಇರುತ್ತವೆ. 2020ರಲ್ಲಿ ನೆದರ್ಲೆಂಡಿನ ಸಂಶೋಧಕರು ತೇಲುವ ಪ್ಲಾಸ್ಟಿಕ್ಕನ್ನು ಮಾತ್ರ ತೆಗೆದುಕೊಂಡು, ಗಾಳಿ, ಅಲೆ, ಪ್ರವಾಹಗಳ ಲೆಕ್ಕ ಹಾಕಿ ಜಮಾಖರ್ಚು ಬರೆದರು. ಅವರ ಪ್ರಕಾರ 2015ರಲ್ಲಿ ಒಳಬಂದ ತೇಲುವ ಪ್ಲಾಸ್ಟಿಕ್ 2,100ರಿಂದ 3,400 ಟನ್. ಅದರಲ್ಲಿ ಮೇಲ್ಮೈಯಲ್ಲಿ ಉಳಿದದ್ದು 170ರಿಂದ 420 ಟನ್. ಸುಮಾರು ಅರ್ಧದಿಂದ ಶೇಕಡ 63ರಷ್ಟು ದಡ ಸೇರಿತು. ಶೇಕಡ 37ರಿಂದ 51ರಷ್ಟು ತಳಕ್ಕೆ ಮುಳುಗಿತು.

ಟನ್ನುಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಆದರೆ ದಿಕ್ಕಿನ ಬಗ್ಗೆ ಇಲ್ಲ. ತೇಲುವ ಕಸ ಬಹಳ ಕಾಲ ತೇಲುತ್ತಾ ಇರುವುದಿಲ್ಲ. ಒಂದೋ ದಡಕ್ಕೆ ಬರುತ್ತದೆ, ಇಲ್ಲವೇ ತಳಕ್ಕೆ ಹೋಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಒಂದು ಲೋಟ ನೀರಿನ ಪ್ರಯೋಗ

ತಳಕ್ಕೆ ಹೋಗುವುದು ಹೇಗೆ ಎಂದು ಮನೆಯಲ್ಲೇ ನೋಡಬಹುದು. ಒಂದು ನೀರಿನ ಬಾಟಲಿ ತೆಗೆದುಕೊಳ್ಳಿ. ಅದರ ಮುಚ್ಚಳವನ್ನು ಲೋಟದ ನೀರಿಗೆ ಹಾಕಿ, ತೇಲುತ್ತದೆ. ಬಾಟಲಿಯ ಗೋಡೆಯಿಂದ ಸಣ್ಣ ತುಂಡು ಕತ್ತರಿಸಿ ಹಾಕಿ, ಬೆರಳಿನಿಂದ ಒತ್ತಿ ಗಾಳಿಗುಳ್ಳೆ ಬಿಡಿಸಿ. ಅದು ಮುಳುಗುತ್ತದೆ. ಬೇಕಿದ್ದರೆ ಉಪ್ಪು ಕರಗಿಸಿ ಸಮುದ್ರದ ನೀರಿನಂತೆ ಮಾಡಿ ನೋಡಿ, ಆಗಲೂ ಫಲಿತಾಂಶ ಅದೇ.

ಕಾರಣ ಸಾಂದ್ರತೆ. ಮುಚ್ಚಳ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್‌ನಿಂದ ಮಾಡಿದ್ದು. ಅವುಗಳ ಸಾಂದ್ರತೆ ಘನ ಸೆಂಟಿಮೀಟರಿಗೆ 0.90ರಿಂದ 0.96 ಗ್ರಾಂ. ಸಮುದ್ರದ ನೀರಿನದ್ದು ಸುಮಾರು 1.03. ಬಾಟಲಿ ಮಾಡುವ ಪಿಇಟಿಯದ್ದು ಸುಮಾರು 1.38. ಮುಚ್ಚಿದ ಖಾಲಿ ಬಾಟಲಿ ಒಳಗಿನ ಗಾಳಿಯಿಂದ ಮಾತ್ರ ತೇಲುತ್ತದೆ. ಬಿರುಕು ಬಿಟ್ಟು ನೀರು ತುಂಬಿದ ದಿನ ಅದರ ತೇಲಾಟ ಮುಗಿಯಿತು.

ತೇಲುವ ಜಾತಿಯ ಪ್ಲಾಸ್ಟಿಕ್ಕೂ ಕೊನೆಗೆ ಮುಳುಗುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಅದನ್ನು ಪೆಡಸು ಮಾಡುತ್ತವೆ. ಅಲೆಗಳು ಅದನ್ನು ಚೂರು ಮಾಡುತ್ತವೆ. 5 ಮಿಲಿಮೀಟರಿಗಿಂತ ಸಣ್ಣ ಚೂರುಗಳಿಗೆ ಮೈಕ್ರೊಪ್ಲಾಸ್ಟಿಕ್ ಎನ್ನುತ್ತಾರೆ. ಅದರ ಮೈಮೇಲೆ ಬ್ಯಾಕ್ಟೀರಿಯ, ಪಾಚಿ, ಚಿಪ್ಪಿನ ಜೀವಿಗಳು ಬೆಳೆಯುತ್ತವೆ. ಅವುಗಳ ಭಾರಕ್ಕೆ ಚೂರು ನಿಧಾನವಾಗಿ ಕೆಳಗಿಳಿಯುತ್ತದೆ. ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ. ಚೂರಾಗುವುದು ಎಂದರೆ ಕರಗುವುದಲ್ಲ. ಒಂದು ತೊಟ್ಟೆ ಸಾವಿರ ಚೂರುಗಳಾದಾಗ ಕಣ್ಣಿಗೆ ಕಾಣದೆ ಹೋಗುತ್ತದೆ. ಪ್ಲಾಸ್ಟಿಕ್ ಅಷ್ಟೇ ಇರುತ್ತದೆ, ಹೆಕ್ಕಲು ಮಾತ್ರ ಸಾಧ್ಯವಿಲ್ಲ.

ತಳದಲ್ಲಿ ಏನಿದೆ?

ಇಟಲಿಯ ಪಶ್ಚಿಮಕ್ಕಿರುವ ಟಿರ್ರೇನಿಯನ್ ಸಮುದ್ರದ ತಳದ ಕೆಸರನ್ನು ಪರೀಕ್ಷಿಸಿದ ವಿಜ್ಞಾನಿಗಳು 2020ರಲ್ಲಿ ಒಂದು ವರದಿ ಕೊಟ್ಟರು. ಒಂದು ಕಡೆ, ಕೇವಲ 5 ಸೆಂಟಿಮೀಟರ್ ದಪ್ಪದ ಪದರದಲ್ಲಿ, ಚದರ ಮೀಟರಿಗೆ 19 ಲಕ್ಷದಷ್ಟು ಮೈಕ್ರೊಪ್ಲಾಸ್ಟಿಕ್ ಚೂರುಗಳು ಇದ್ದವು. ತಳದ ಪ್ರವಾಹಗಳು ಚೂರುಗಳನ್ನು ಗುಡಿಸಿ ಕೆಲವು ಜಾಗಗಳಲ್ಲಿ ರಾಶಿ ಹಾಕುತ್ತವೆ ಎಂದು ಅದರಿಂದ ತಿಳಿಯಿತು. ಅದೇ ಪ್ರವಾಹಗಳು ಆಳದ ಜೀವಿಗಳಿಗೆ ಆಮ್ಲಜನಕವನ್ನೂ ಆಹಾರವನ್ನೂ ತರುತ್ತವೆ. ಅನ್ನ ಹಂಚುವ ಕೈಯೇ ಕಸವನ್ನೂ ಹಂಚಿದಂತಾಯಿತು.

ಸಿಸಿಲಿ ಮತ್ತು ಇಟಲಿಯ ನಡುವಿನ ಮೆಸ್ಸಿನಾ ಜಲಸಂಧಿಯ ತಳದಲ್ಲಿ ಕೆಲವೆಡೆ ಚದರ ಕಿಲೋಮೀಟರಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕಸದ ವಸ್ತುಗಳಿವೆ. ಮಳೆಗಾಲದ ತೊರೆಗಳು ಕಡಿದಾದ ಕಣಿವೆಗಳ ಮೂಲಕ ಅವನ್ನು ನೇರ ಆಳಕ್ಕೆ ತಳ್ಳಿವೆ. ಈ ಸಮುದ್ರದ ಅತ್ಯಂತ ಆಳದ ಜಾಗ ಗ್ರೀಸ್ ಹತ್ತಿರದ ಕ್ಯಾಲಿಪ್ಸೊ ಕುಳಿ, 5 ಕಿಲೋಮೀಟರಿಗೂ ಹೆಚ್ಚು ಆಳ. 2020ರಲ್ಲಿ ಮನುಷ್ಯರಿದ್ದ ಜಲಾಂತರ್ನೌಕೆ ಅಲ್ಲಿಗೆ ಇಳಿಯಿತು. ಆಗ ತೆಗೆದ ಚಿತ್ರಗಳನ್ನು ಬಾರ್ಸಿಲೋನಾ ವಿಶ್ವವಿದ್ಯಾಲಯದ ತಂಡ ಪರಿಶೀಲಿಸಿತು. 2025ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಕಂಡ 167 ವಸ್ತುಗಳಲ್ಲಿ 148 ಖಚಿತವಾಗಿ ಮನುಷ್ಯರ ಕಸ, ಅದರಲ್ಲಿ ಹೆಚ್ಚಿನದು ಪ್ಲಾಸ್ಟಿಕ್. ಬೆಳಕೂ ಇಳಿಯದ ಜಾಗಕ್ಕೆ ನಮ್ಮ ಕೈಚೀಲ ಇಳಿದಿದೆ. ಅಲ್ಲಿಂದ ಅದನ್ನು ಮೇಲೆ ತರುವವರು ಯಾರೂ ಇಲ್ಲ.

ಹೊಟ್ಟೆಯೊಳಗಿನ 29 ಕಿಲೋ

2018ರ ಫೆಬ್ರವರಿಯಲ್ಲಿ ಸ್ಪೇನಿನ ಮುರ್ಸಿಯಾ ಕಿನಾರೆಗೆ ಒಂದು ಎಳೆಯ ಗಂಡು ಸ್ಪರ್ಮ್ ತಿಮಿಂಗಿಲ ಸತ್ತು ಬಂದು ಬಿತ್ತು. ಕೊಯ್ದು ನೋಡಿದಾಗ ಹೊಟ್ಟೆ ಮತ್ತು ಕರುಳಿನಲ್ಲಿ 29 ಕಿಲೋ ಪ್ಲಾಸ್ಟಿಕ್ ಇತ್ತು. ಚೀಲಗಳು, ಬಲೆಯ ತುಂಡುಗಳು, ಹಗ್ಗ, ಒಂದು ಕ್ಯಾನು. ಕರುಳು ಕಟ್ಟಿಕೊಂಡು ಹೊಟ್ಟೆಯೊಳಗೆ ಸೋಂಕು ತಗುಲಿ ಅದು ಸತ್ತಿತ್ತು. ಮರುವರ್ಷ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಸತ್ತು ಬಿದ್ದ ಇನ್ನೊಂದು ತಿಮಿಂಗಿಲದ ಹೊಟ್ಟೆಯಲ್ಲಿ 22 ಕಿಲೋ ಪ್ಲಾಸ್ಟಿಕ್ ಇತ್ತು. ಅದು ಗರ್ಭಿಣಿಯಾಗಿತ್ತು.

ಇಷ್ಟು ದೊಡ್ಡ, ಬುದ್ಧಿವಂತ ಪ್ರಾಣಿ ಚೀಲ ಯಾಕೆ ತಿನ್ನುತ್ತದೆ? ಸ್ಪರ್ಮ್ ತಿಮಿಂಗಿಲ ಕತ್ತಲಿನ ಆಳದಲ್ಲಿ ಕಣ್ಣಿನಿಂದ ಬೇಟೆಯಾಡುವುದಿಲ್ಲ. ಶಬ್ದ ಬಿಟ್ಟು, ಅದರ ಪ್ರತಿಧ್ವನಿ ಕೇಳಿ ಬೊಂಡಾಸ್ ಹಿಡಿಯುತ್ತದೆ. ನೀರಿನಲ್ಲಿ ತೂಗಾಡುವ ಪ್ಲಾಸ್ಟಿಕ್ ಚೀಲದ ಪ್ರತಿಧ್ವನಿಯೂ ಬೊಂಡಾಸಿನಂಥದ್ದೇ ಎಂದು 2024ರಲ್ಲಿ ಪರೀಕ್ಷೆಯಿಂದ ಗೊತ್ತಾಯಿತು. ಆಮೆಗಳದ್ದೂ ಇದೇ ಪಾಡು. ಸಮುದ್ರದಲ್ಲಿ ಕೆಲವು ವಾರ ನೆನೆದ ಪ್ಲಾಸ್ಟಿಕ್ಕಿಗೆ ಪಾಚಿಯ ವಾಸನೆ ಹತ್ತುತ್ತದೆ. ಆಮೆಗಳು ಆ ವಾಸನೆಗೆ ಆಹಾರದ ವಾಸನೆಗೆ ಬಂದ ಹಾಗೆಯೇ ಮೂಗೆತ್ತಿ ಬರುತ್ತವೆ ಎಂದು 2020ರ ಪ್ರಯೋಗವೊಂದು ತೋರಿಸಿತು. ಅವು ಮೋಸ ಹೋಗುವುದು ದಡ್ಡತನದಿಂದಲ್ಲ. ಲಕ್ಷಾಂತರ ವರ್ಷ ಸರಿಯಾಗಿದ್ದ ಅವುಗಳ ಲೆಕ್ಕವನ್ನು ನಾವು ಕೆಲವೇ ದಶಕಗಳಲ್ಲಿ ತಪ್ಪಿಸಿದ್ದೇವೆ.

ಮನುಷ್ಯರ ಆರೋಗ್ಯದ ಬಗ್ಗೆ ಅಧ್ಯಯನಗಳು ಇನ್ನೂ ನಡೆಯುತ್ತಿವೆ. ಇಟಲಿಯ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುತ್ತಿಗೆಯ ರಕ್ತನಾಳದ ಕೊಬ್ಬಿನ ಪದರದಲ್ಲಿ ಪ್ಲಾಸ್ಟಿಕ್ ಕಣ ಇದ್ದವರಿಗೆ ಮುಂದೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಇದರಿಂದ ಪ್ಲಾಸ್ಟಿಕ್ಕೇ ಕಾರಣ ಎಂದು ಸಾಬೀತಾಗುವುದಿಲ್ಲ. ಎರಡೂ ಒಟ್ಟಿಗೆ ಕಂಡುಬಂದವು ಎಂದಷ್ಟೇ ಹೇಳಬಹುದು. ಆದರೆ ನಿರ್ಲಕ್ಷಿಸುವಂಥ ವಿಷಯವಲ್ಲ.

ಅಲ್ಲಿನವರು ಏನು ಮಾಡಿದ್ದಾರೆ?

ಒಂದೇ ಬಾವಿಯ ನೀರು ಸೇದುವ ಮನೆಗಳಲ್ಲಿ ಒಬ್ಬರು ಶುದ್ಧವಾಗಿದ್ದು ಮತ್ತೊಬ್ಬರು ಕಸ ಎಸೆದರೆ ಪ್ರಯೋಜನವಿಲ್ಲ. ಇದನ್ನು ಅರಿತ ಮೆಡಿಟರೇನಿಯನ್ ದೇಶಗಳು 1976ರಲ್ಲೇ ಬಾರ್ಸಿಲೋನಾ ಒಪ್ಪಂದ ಮಾಡಿಕೊಂಡವು. ರಾಜಕೀಯವಾಗಿ ಪರಸ್ಪರ ಮುಖ ನೋಡದ ದೇಶಗಳೂ ಅದರಲ್ಲಿವೆ. ಈಗ 21 ದೇಶಗಳು ಮತ್ತು ಯುರೋಪಿಯನ್ ಒಕ್ಕೂಟ ಅದರ ಸದಸ್ಯರು. ಸಮುದ್ರದ ಕಸದ ಬಗ್ಗೆ ಎಲ್ಲರಿಗೂ ಕಾನೂನುಬದ್ಧವಾಗಿ ಅನ್ವಯಿಸುವ ಯೋಜನೆಯನ್ನು ಅವರು 2013ರಲ್ಲಿ ಒಪ್ಪಿದರು.

ಮೊರಾಕ್ಕೊ 2016ರ ಜುಲೈಯಲ್ಲಿ ಪ್ಲಾಸ್ಟಿಕ್ ತೊಟ್ಟೆಗಳನ್ನು ನಿಷೇಧಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2021ರ ಜುಲೈಯಿಂದ ಒಮ್ಮೆ ಬಳಸುವ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾಗಳ ಮಾರಾಟಕ್ಕೆ ಅವಕಾಶವಿಲ್ಲ.

ನನಗೆ ಬಹಳ ಹಿಡಿಸಿದ್ದು ಇಟಲಿಯ ಒಂದು ಕಾನೂನು. ಅಲ್ಲಿನ ಮೀನುಗಾರರ ಬಲೆಗೆ ಮೀನಿನ ಜೊತೆ ಪ್ಲಾಸ್ಟಿಕ್ಕೂ ಬರುತ್ತಿತ್ತು. ಅದನ್ನು ದಡಕ್ಕೆ ತಂದರೆ ಅದು ಮೀನುಗಾರ ಹುಟ್ಟಿಸಿದ ತ್ಯಾಜ್ಯ ಎಂದು ಲೆಕ್ಕವಾಗಿ ಅದರ ವಿಲೇವಾರಿಯ ಹೊರೆ ಅವನ ತಲೆಗೇ ಬೀಳುತ್ತಿತ್ತು, ಕಾನೂನಿನ ತೊಡಕೂ ಇತ್ತು. ಹಾಗಾಗಿ ಅವರು ಅದನ್ನು ಮತ್ತೆ ಸಮುದ್ರಕ್ಕೇ ಹಾಕುತ್ತಿದ್ದರು. ಒಳ್ಳೆಯ ಕೆಲಸ ಮಾಡಿದವನಿಗೆ ದಂಡ, ಸುಮ್ಮನಿದ್ದವನಿಗೆ ಏನೂ ಇಲ್ಲ! 2022ರಲ್ಲಿ ಬಂದ “ಸಾಲ್ವಾಮಾರೆ”, ಅಂದರೆ ಸಮುದ್ರ ಉಳಿಸು, ಎಂಬ ಕಾನೂನು ಇದನ್ನು ಸರಿಪಡಿಸಿತು. ಈಗ ಬಲೆಗೆ ಸಿಕ್ಕಿದ ಕಸವನ್ನು ಮೀನುಗಾರರು ಬಂದರಿನಲ್ಲಿ ಖರ್ಚಿಲ್ಲದೆ ಒಪ್ಪಿಸಬಹುದು. ಮನಸ್ಸಿದ್ದವರಿಗೆ ದಾರಿ ಮಾಡಿಕೊಟ್ಟರೆ ಕೆಲಸ ಆಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಎಲ್ಲವೂ ಸರಿಯಾಗಿಬಿಟ್ಟಿದೆ ಎಂದಲ್ಲ. ಪ್ಲಾಸ್ಟಿಕ್ ಮಾಲಿನ್ಯವನ್ನು ತಡೆಯುವ ಜಾಗತಿಕ ಒಪ್ಪಂದಕ್ಕಾಗಿ 2022ರಲ್ಲಿ ಆರಂಭವಾದ ಮಾತುಕತೆ 2024ರಲ್ಲಿ ಬುಸಾನಿನಲ್ಲೂ 2025ರ ಆಗಸ್ಟಿನಲ್ಲಿ ಜಿನೀವಾದಲ್ಲೂ ಒಮ್ಮತವಿಲ್ಲದೆ ಮುಗಿಯಿತು.

ಕೊಲ್ಲಿಯ ನೀರು, ನಮ್ಮ ಮನೆಯವರ ನೀರು

ಈ ಕಥೆ ನಮಗೆ ಅಷ್ಟೇನೂ ದೂರದ್ದಲ್ಲ. ನಮ್ಮಲ್ಲಿ ಅನೇಕರ ತಂದೆ, ಅಣ್ಣ, ಮಾಮಂದಿರು ದುಡಿಯುತ್ತಿರುವುದು ಇನ್ನೊಂದು ಅರೆಮುಚ್ಚಿದ ಸಮುದ್ರದ ದಡದಲ್ಲಿ. ದುಬೈ, ದೋಹಾ, ಬಹರೈನ್, ದಮ್ಮಾಮ್, ಕುವೈತ್ ಎಲ್ಲವೂ ಪರ್ಷಿಯನ್ ಕೊಲ್ಲಿಯ ತೀರದ ಊರುಗಳು. ಅಲ್ಲೂ ಬಿಸಿಲು ಜಾಸ್ತಿ, ನದಿ ಕಡಿಮೆ. ಅಲ್ಲೂ ಹೋರ್ಮುಝ್ ಜಲಸಂಧಿಯಲ್ಲಿ ಮೇಲಿನ ನೀರು ಒಳಗೆ, ತಳದ ಉಪ್ಪುನೀರು ಹೊರಗೆ. ಸರಾಸರಿ ಆಳ ಮಾತ್ರ ಸುಮಾರು 35 ಮೀಟರ್ ಅಷ್ಟೆ. ಅಲ್ಲಿನ ಜನ ಕುಡಿಯುವ ನೀರಿನ ಬಹುಪಾಲು ಅದೇ ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು. ಅಬುಧಾಬಿ 2022ರಲ್ಲಿ, ದುಬೈ 2024ರಲ್ಲಿ ಒಮ್ಮೆ ಬಳಸುವ ಚೀಲಗಳನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

ನಮ್ಮಲ್ಲೂ ಕಾನೂನು ಇದೆ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ. ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ. ಅದು ಎಷ್ಟು ಪಾಲನೆಯಾಗುತ್ತಿದೆ ಎಂದು ತಿಳಿಯಲು ಸಂಜೆ ಮೀನು ಮಾರುಕಟ್ಟೆಗೆ ಹೋದರೆ ಸಾಕು.

ಹೆಕ್ಕುವುದು ಯಾಕೆ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ.

ಇಷ್ಟು ದೊಡ್ಡ ಸಮುದ್ರಕ್ಕೆ ಈ ಕಸ ಲೆಕ್ಕವೇ? ಹದಿಮೂರು ಕರ್ನಾಟಕದಷ್ಟು ದೊಡ್ಡ ಸಮುದ್ರಕ್ಕೂ ಅದು ಲೆಕ್ಕವಾಗಿದೆ. ಸಮುದ್ರ ಕಸವನ್ನು ಜೀರ್ಣಿಸಿಕೊಳ್ಳುವುದಿಲ್ಲ, ಚೂರು ಮಾಡಿ ಬಚ್ಚಿಡುತ್ತದೆ. ಮೆಡಿಟರೇನಿಯನ್ ಚಿಕ್ಕ ಬಾಗಿಲಿನ ಕೋಣೆಯಾದ್ದರಿಂದ ಇದು ಅಲ್ಲಿ ಬೇಗ ಕಣ್ಣಿಗೆ ಬಿತ್ತು. ತೆರೆದ ಸಮುದ್ರದಲ್ಲಿ ತಡವಾಗಿ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ನಾಳೆ ಮತ್ತೆ ಬರುವ ಕಸವನ್ನು ಇವತ್ತು ಹೆಕ್ಕುವುದು ಯಾಕೆ? ಅಲ್ಲಿನ ಜಮಾಖರ್ಚು ನೋಡಿದೆವಲ್ಲ, ತೇಲುವ ಕಸದಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ದಡಕ್ಕೆ ಬರುತ್ತದೆ. ದಡದಲ್ಲಿ ಬಿಸಿಲಿಗೆ ಒಣಗಿ ಪೆಡಸಾಗುತ್ತದೆ. ಯಾರೂ ಹೆಕ್ಕದಿದ್ದರೆ ಮುಂದಿನ ದೊಡ್ಡ ಅಲೆ ಅದನ್ನು ಚೂರುಗಳಾಗಿ ವಾಪಸು ಒಯ್ಯುತ್ತದೆ. ಆಮೇಲೆ ಅದು ಆಮೆಯ ಹೊಟ್ಟೆಗೂ ಹೋಗಬಹುದು, ಐದು ಕಿಲೋಮೀಟರ್ ಆಳಕ್ಕೂ ಹೋಗಬಹುದು, ನಮ್ಮ ಕೈಗೆ ಮಾತ್ರ ಸಿಗುವುದಿಲ್ಲ. ಬಾಟಲಿ ಬಾಟಲಿಯಾಗಿಯೇ, ತೊಟ್ಟೆ ತೊಟ್ಟೆಯಾಗಿಯೇ ಕೈಗೆ ಸಿಗುವ ಕೊನೆಯ ಜಾಗ ಕಿನಾರೆ. ಅದಕ್ಕಾಗಿ ಹೆಕ್ಕಬೇಕು.

ಆದರೆ ಹೆಕ್ಕಿದ್ದಷ್ಟೇ ಸಾಲದು. ನೆಲ ಒರೆಸುವ ಮೊದಲು ನಲ್ಲಿ ತಿರುಗಿಸಬೇಕು ಎಂಬುದು ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿದೆ. ಅಲ್ಲಿ ಬಂದ ಕಸದಲ್ಲಿ ಹೆಚ್ಚಿನದು ನೆಲದ ಮೇಲೆ ವಿಲೇವಾರಿ ಆಗದೆ ಉಳಿದದ್ದು. ನಮ್ಮಲ್ಲೂ ದಾರಿ ಅದೇ: ಅಂಗಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಅಳಿವೆಗೆ. ಮೀನಿಗೆ ಹೋಗುವಾಗ ಡಬ್ಬ ಒಯ್ಯುವುದು, ಕಾಲೇಜಿಗೆ ಸ್ಟೀಲ್ ಬಾಟಲಿ ತರುವುದು, ಮದುವೆ ಊಟದಲ್ಲಿ ಸಣ್ಣ ನೀರಿನ ಬಾಟಲಿಯ ಬದಲು ಲೋಟ ಇಡಿ ಎಂದು ಮನೆಯ ಹಿರಿಯರಿಗೆ ಹೇಳುವುದು, ಇವು ಸಣ್ಣ ಕೆಲಸಗಳೇ. ಆದರೆ ಕಸಕ್ಕೆ ಕಾಲು ಬರುವ ಮೊದಲೇ ಅದನ್ನು ತಡೆಯುವ ಕೆಲಸಗಳು.

ಮುಂದಿನ ಸ್ವಚ್ಛತಾ ಕಾರ್ಯಕ್ರಮದಲ್ಲಿ ಆ ಹುಡುಗಿ ಸಿಕ್ಕಿದರೆ ಇಷ್ಟನ್ನು ಹೇಳಬೇಕೆಂದಿದ್ದೇನೆ. ಅವಳು ಅದಕ್ಕಿಂತ ಮೊದಲೇ ಇದನ್ನು ಓದಿದರೆ, ತಂಗೀ, ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್. ಗೋಣಿಚೀಲ ಎರಡು ಜಾಸ್ತಿ ತರೋಣ.